ಐಫೆಲ್ ಮುಂದೆ ನಿಂತವರು, ಹಂಪಿಯ ಮುಂದೆ ನಿಂತವರು

ಇಟಲಿಯ ಪೀಸಾ ಊರಿಗೆ ಯಾವ ದಿನ ಹೋದರೂ ಒಂದು ನೋಟ ತಪ್ಪುವುದಿಲ್ಲ. ವಾಲಿದ ಗೋಪುರದ ಎದುರಿನ ಹುಲ್ಲುಹಾಸಿನ ಮೇಲೆ ಹತ್ತಾರು ಜನ ಎರಡೂ ಕೈ ಚಾಚಿ ಗಾಳಿಯನ್ನು ತಳ್ಳುತ್ತ ನಿಂತಿರುತ್ತಾರೆ. ಒಬ್ಬರು ಬೆನ್ನು ಕೊಟ್ಟು ತಡೆದರೆ ಇನ್ನೊಬ್ಬರು ಕಾಲೆತ್ತಿ ಒದೆಯುತ್ತಾರೆ. ತಂತಮ್ಮ ಕ್ಯಾಮೆರಾದವರ ಕಣ್ಣಿಗೆ ಮಾತ್ರ ಅವರು ಬೀಳುವ ಗೋಪುರವನ್ನು ಎತ್ತಿ ಹಿಡಿದ ಭೀಮರು. ಬದಿಯಿಂದ ನೋಡಿದವರಿಗೆ ಅದು ಗೆಜ್ಜೆ ಕಟ್ಟದ ದೊಡ್ಡಾಟದ ತಾಲೀಮು.

ಆ ಫೋಟೋ ನಿಮಿಷದೊಳಗೆ ಹಾವೇರಿ ಜಿಲ್ಲೆಯ ಹಿರೇಬೆಂಡಿಗೇರಿಯ ಪಡಸಾಲೆಗೆ ಬಂದು ಮುಟ್ಟುತ್ತದೆ. ಶಿಗ್ಗಾವಿ, ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆಯ ಊರುಗಳಲ್ಲಿ ಹೊರದೇಶ ಕಂಡುಬಂದವರು ಈಗ ಅಪರೂಪದವರೇನಲ್ಲ. ಕಂಪನಿ ಕಳಿಸಿದ ಮಗ, ಮಗಳ ಬಾಣಂತನಕ್ಕೆಂದು ಹೋದ ತಾಯಿ, ದುಬೈಯಲ್ಲಿ ದುಡಿಯುವ ಅಳಿಯ. ಅವರು ಕಳಿಸುವ ಚಿತ್ರಗಳು ಮೊದಲೇ ಗೊತ್ತು: ಬುರ್ಜ್ ಖಲೀಫಾ, ಬಿಗ್ ಬೆನ್, ಸ್ವಾತಂತ್ರ್ಯ ದೇವಿ, ಐಫೆಲ್. ಮನೆಯವರ ಮೊದಲ ಮಾತೂ ಗೊತ್ತು: "ಬರೇ ಬಿಲ್ಡಿಂಗ ಕಾಣಾಕತ್ತೈತಿ, ನೀ ಎಲ್ಲಿದ್ದಿ?"

ಈ ಪ್ರಶ್ನೆಯಲ್ಲಿ ಬಹಳ ತಿಳಿವಳಿಕೆ ಇದೆ. ಗೋಪುರ ಹೇಗಿದೆಯೆಂದು ನೋಡಬೇಕಾದವರಿಗೆ ಕ್ಯಾಲೆಂಡರಿನಲ್ಲಿ, ಪಠ್ಯಪುಸ್ತಕದಲ್ಲಿ, ಗೂಗಲ್‌ನಲ್ಲಿ ಅದು ಎಂದೋ ಸಿಕ್ಕಿದೆ. ಮನೆಯವರಿಗೆ ಬೇಕಾದದ್ದು ಮಗ ಅಲ್ಲಿಗೆ ಮುಟ್ಟಿದ್ದಾನೆ, ಹೊಟ್ಟೆತುಂಬ ಉಂಡಿದ್ದಾನೆ, ಚಳಿಗೆ ಸ್ವೆಟರ್ ಹಾಕಿದ್ದಾನೆ ಎಂಬ ಸಾಕ್ಷಿ. ಪ್ರವಾಸಿಯ ಫೋಟೋದ ಮೊದಲ ಕೆಲಸ ಸಾಕ್ಷಿ ಹೇಳುವುದು. ಅಂದ ಚಂದ ಆಮೇಲಿನ ಮಾತು. ಇಷ್ಟನ್ನು ನೆನಪಿಟ್ಟುಕೊಂಡರೆ ವಿದೇಶದಲ್ಲಿ ಕ್ಯಾಮೆರಾ ಹಿಡಿಯುವ ರೀತಿಯೇ ಬೇರೆಯಾಗುತ್ತದೆ.

ಮೊದಲು ಪೀಸಾದ ಗುಟ್ಟು. ಗೋಪುರದ ಎತ್ತರ ಸುಮಾರು 56 ಮೀಟರ್. ಅದು ಕ್ಯಾಮೆರಾದಿಂದ 100 ಮೀಟರ್ ದೂರದಲ್ಲಿದ್ದು, 1.7 ಮೀಟರ್ ಎತ್ತರದ ಮನುಷ್ಯ ಕ್ಯಾಮೆರಾದಿಂದ ಮೂರೇ ಮೀಟರ್ ದೂರ ನಿಂತರೆ ಇಬ್ಬರೂ ಚಿತ್ರದಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರ ಕಾಣುತ್ತಾರೆ. ಕ್ಯಾಮೆರಾಕ್ಕೆ ಎತ್ತರವನ್ನು ಅಳೆಯಲು ಬರುವುದಿಲ್ಲ. ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವ ಪ್ರಮಾಣವಷ್ಟೇ ಅದಕ್ಕೆ ತಿಳಿಯುವುದು. ಇದೇ ಲೆಕ್ಕ ಐಫೆಲ್‌ಗೂ ಸಲ್ಲುತ್ತದೆ. ಹೊಸ ಆಂಟೆನಾ ಸೇರಿ 330 ಮೀಟರ್ ಇರುವ ಆ ಗೋಪುರದ ಬುಡದಲ್ಲೇ ನಿಂತು "ನಾನೂ ಬರಬೇಕು, ತುದಿಯೂ ಬರಬೇಕು" ಎಂದು ಹಟ ಹಿಡಿದರೆ, ಫೋಟೋ ತೆಗೆಯುವವರು ನೆಲಕ್ಕೆ ಮಲಗಬೇಕಾಗುತ್ತದೆ. ಬರುವ ಚಿತ್ರದಲ್ಲಿ ಗೋಪುರ ಹಿಂದಕ್ಕೆ ಬೀಳುತ್ತಿರುತ್ತದೆ, ನಿಂತವರ ಮೂಗಿನ ಹೊಳ್ಳೆ ಎದ್ದು ಕಾಣುತ್ತದೆ. ಗೋಪುರಕ್ಕೆ ಬೆನ್ನು ಹಾಕಿ ಸೇನ್ ನದಿಯನ್ನು ದಾಟಿ ನಡೆಯಬೇಕು. ಕಟ್ಟಡ ದೂರವಾದಷ್ಟೂ ಮನುಷ್ಯನಿಗೆ ಚಿತ್ರದಲ್ಲಿ ಜಾಗ ಸಿಗುತ್ತದೆ.

ಫೋನಿನ ಲೆನ್ಸುಗಳು ಅಗಲ ನೋಟದವು. ಅಂಚಿನಲ್ಲಿ ನಿಂತವರ ಮುಖ ಹಿಗ್ಗುತ್ತದೆ, ಕಟ್ಟಡದ ನೇರ ಗೆರೆಗಳು ಮೇಲಕ್ಕೆ ಹೋಗುತ್ತ ಒಂದಕ್ಕೊಂದು ವಾಲುತ್ತವೆ. ಹಿಂದಕ್ಕೆ ಸರಿದು, ಫೋನನ್ನು ಮೇಲೆತ್ತದೆ ನೆಟ್ಟಗೆ ಹಿಡಿದರೆ ಎರಡೂ ತಪ್ಪುತ್ತವೆ. ರಾತ್ರಿ ಫ್ಲಾಶ್ ಬೆಳಗಿಸಿ ಗೋಪುರ ತೆಗೆಯುವವರದು ಇನ್ನೊಂದು ಕಥೆ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ನಾಲ್ಕು ಪಟ್ಟಾದರೆ ಹದಿನಾರರಲ್ಲಿ ಒಂದು ಪಾಲಿಗೆ. ಫೋನಿನ ಫ್ಲಾಶು ಕೆಲವೇ ಮೀಟರ್ ದೂರ ಹೋಗಿ ಮುಂದೆ ನಿಂತವರ ಜಾಕೆಟ್ ಬೆಳಗಿಸಿ ಸುಮ್ಮನಾಗುತ್ತದೆ.

ಆದರೂ ಎಲ್ಲರೂ ಒಂದೇ ಜಾಗದಲ್ಲಿ ನಿಂತು ಒಂದೇ ಫೋಟೋ ತೆಗೆಯುವುದೇಕೆ? ಕೊರಿನ್ ವಿಯೊನೆ ಎಂಬ ಕಲಾವಿದೆಯನ್ನು ಈ ಪ್ರಶ್ನೆ ಕಾಡಿತು. 2005ರಿಂದ ಅವರು ಅಂತರ್ಜಾಲದಲ್ಲಿ ಪ್ರವಾಸಿಗಳು ಹಾಕಿದ ಚಿತ್ರಗಳನ್ನು ನೂರಾರು ಸಂಖ್ಯೆಯಲ್ಲಿ ಒಟ್ಟುಮಾಡಿ ಒಂದರ ಮೇಲೊಂದು ತೆಳುವಾಗಿ ಹೇರುತ್ತ ಬಂದರು. ಐಫೆಲ್, ತಾಜ್ ಮಹಲ್, ಪೀಸಾ, ಯಾವುದೇ ಇರಲಿ, ನೂರಾರು ಅಪರಿಚಿತರು ತೆಗೆದ ಚಿತ್ರಗಳು ಕೂಡಿ ಮಬ್ಬು ಮಬ್ಬಾದ ಒಂದೇ ಕಟ್ಟಡವಾಗಿ ನಿಂತವು. ಬಂದವರೆಲ್ಲ ಅದೇ ಕೋನ ಹುಡುಕಿಕೊಂಡಿದ್ದರು. ಮೊದಲೇ ನೋಡಿದ ಚಿತ್ರವನ್ನು ಮತ್ತೊಮ್ಮೆ ತೆಗೆಯಲೆಂದೇ ಸಾವಿರಾರು ಮೈಲಿ ಹಾರಿದ್ದರು ಎಂದರೂ ನಡೆಯುತ್ತದೆ. ಇದೇನೂ ಸ್ಮಾರ್ಟ್‌ಫೋನ್ ತಂದಿಟ್ಟ ಚಾಳಿಯಲ್ಲ. ನೂರು ಚಿತ್ರದ ಸುರುಳಿ ತುಂಬಿದ ಕ್ಯಾಮೆರಾವನ್ನು 1888ರಲ್ಲಿ ಮಾರತೊಡಗಿದ ಕೊಡ್ಯಾಕ್ ಕಂಪನಿ, 1920ರ ದಶಕದಲ್ಲಿ ಅಮೆರಿಕದ ಹೆದ್ದಾರಿಗಳ ಬದಿಗೆ, ಮುಂದೆ ಫೋಟೋ ತೆಗೆಯುವಂಥ ಜಾಗ ಬರುತ್ತದೆ ಎಂದು ಎಚ್ಚರಿಸುವ ಫಲಕಗಳನ್ನೇ ನೆಟ್ಟಿತ್ತು.

ಇಲ್ಲಿಯವರೆಗೆ ನಮ್ಮವರು ಅಲ್ಲಿ ನಿಂತದ್ದಾಯಿತು. ಅಲ್ಲಿಯವರು ಇಲ್ಲಿ ನಿಂತ ಕಥೆ ಇನ್ನೂ ಸ್ವಾರಸ್ಯದ್ದು.

ಫ್ರಾನ್ಸಿನಲ್ಲಿ ದಗೆರ್ ಕಂಡುಹಿಡಿದ ಫೋಟೋ ವಿಧಾನವನ್ನು ಲೋಕಕ್ಕೆ ಬಿಚ್ಚಿಟ್ಟದ್ದು 1839ರ ಆಗಸ್ಟಿನಲ್ಲಿ. ಆ ವರ್ಷ ಮುಗಿಯುವುದರೊಳಗೆ ಪ್ರವಾಸಿಗಳು ಅಥೆನ್ಸಿನ ಅಕ್ರೊಪೊಲಿಸ್ ಎದುರು, ಈಜಿಪ್ಟಿನ ಪಿರಮಿಡ್ಡುಗಳ ಎದುರು ಪೆಟ್ಟಿಗೆ ಹೂಡಿ ನಿಂತಿದ್ದರು. ಅಂದರೆ ಫೋಟೋ ಹುಟ್ಟಿದ್ದೇ ತಡ, ಹೊರದೇಶದ ಹೆಸರಾಂತ ಕಟ್ಟಡದತ್ತ ಓಡಿತು. ಹತ್ತು ವರ್ಷದ ಮೇಲೆ ಈಜಿಪ್ಟಿಗೆ ಹೋದ ಮ್ಯಾಕ್ಸಿಮ್ ದು ಕಾಂಪ್, ಗುಡಿಗಳ ಗಾತ್ರ ತಿಳಿಯಲೆಂದು ಹಾಜಿ ಇಸ್ಮಾಯಿಲ್ ಎಂಬ ದೋಣಿಯಾಳನ್ನು ಕಲ್ಲುಗಳ ಮೇಲೆ ನಿಲ್ಲಿಸಿ ಚಿತ್ರ ತೆಗೆಯುತ್ತಿದ್ದ. ಆಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಅಲುಗಾಡದೆ ನಿಲ್ಲಬೇಕು. ಲೆನ್ಸಿನ ಹಿತ್ತಾಳೆ ಕೊಳವೆ ತೋಪಿನ ಬಾಯಿ, ಮಿಸುಕಿದರೆ ಗುಂಡು ಹಾರುತ್ತದೆ ಎಂದು ಆ ಬಡಪಾಯಿಯನ್ನು ಹೆದರಿಸಿ ನಿಲ್ಲಿಸಿದ್ದಾಗಿ ದು ಕಾಂಪ್ ತಾನೇ ಬರೆದುಕೊಂಡಿದ್ದಾನೆ. ಸ್ಮಾರಕದ ಮುಂದೆ ನಿಂತು ಫೋಟೋಕ್ಕೆ ಸಿಕ್ಕಿಬಿದ್ದ ಮೊದಲಿಗರಲ್ಲಿ ಇಸ್ಮಾಯಿಲ್ ಒಬ್ಬ. ಪಾಪ, ಅವನು ಪ್ರವಾಸಿಯೂ ಆಗಿರಲಿಲ್ಲ.

ಕರ್ನಾಟಕದ ಸರದಿ ಬೇಗನೆ ಬಂತು. ಹಳೆಯ ಕಟ್ಟಡಗಳ ನಕ್ಷೆ ಬಿಡಿಸಲು ಚಿತ್ರಗಾರರ ಬದಲು ಫೋಟೋ ಬಳಸಿದರೆ ಬೇಗ ಆಗುತ್ತದೆ, ಅಗ್ಗವೂ ಆಗುತ್ತದೆ ಎಂಬ ಲೆಕ್ಕ ಈಸ್ಟ್ ಇಂಡಿಯಾ ಕಂಪನಿಯದು. 1855ರಲ್ಲಿ ಮುಂಬೈ ಸರ್ಕಾರ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಈ ಕೆಲಸಕ್ಕೆ ನೇಮಿಸಿತು. ಅವನು ವಿಜಯಪುರ, ಬಾದಾಮಿ, ಐಹೊಳೆ ಸುತ್ತಿದ. ಸೈನ್ಯ ಅವನನ್ನು ವಾಪಸು ಕರೆಸಿಕೊಂಡಾಗ ಆ ಜಾಗಕ್ಕೆ ಬಂದವನು ವಿಲಿಯಂ ಪಿಗೌ ಎಂಬ ವೈದ್ಯ. ಧಾರವಾಡ, ಮೈಸೂರು ಸೀಮೆಯ ಗುಡಿಗಳ ಚಿತ್ರ ತೆಗೆದದ್ದು ಅವನು. ಶಿಗ್ಗಾವಿ, ಹಾನಗಲ್ಲ ಮೊದಲಾದ ಈಗಿನ ಹಾವೇರಿ ಜಿಲ್ಲೆಯ ತಾಲೂಕುಗಳು 1997ರಲ್ಲಿ ಬೇರೆ ಜಿಲ್ಲೆಯಾಗುವ ಮೊದಲು ಧಾರವಾಡ ಜಿಲ್ಲೆಯಲ್ಲಿದ್ದವು. ಬಿಗ್ಸ್, ಪಿಗೌ ಇವರ ಚಿತ್ರಗಳನ್ನು ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ಪುಸ್ತಕ ಬಂತು, ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಕುರಿತು. ಹಣ ಕೊಟ್ಟವರು ಮುಂಬೈಯ ಸಿರಿವಂತ ವರ್ತಕರು. ಇತಿಹಾಸ ಬರೆದವನು ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್. ಪುಸ್ತಕ ಕೈಗೆ ಬರುವಷ್ಟರಲ್ಲಿ ಪಿಗೌ ತೀರಿಕೊಂಡಿದ್ದ.

ಸರ್ಕಾರದ ಆಜ್ಞೆಯಿಲ್ಲದೆ ಕ್ಯಾಮೆರಾ ಹೊತ್ತವನು ಅಲೆಗ್ಸಾಂಡರ್ ಗ್ರೀನ್‌ಲಾ. ಮದ್ರಾಸ್ ಸೈನ್ಯದ ಅಧಿಕಾರಿ. 1856ರ ಸುಮಾರಿಗೆ ಹಂಪಿಗೆ ಹೋಗಿ ಅರವತ್ತರಷ್ಟು ಚಿತ್ರ ತೆಗೆದ. ಅವನ ಕೆಲಸದ ಬಗೆಯನ್ನು ಇವತ್ತಿನ ಓದುಗರು ಸ್ವಲ್ಪ ಊಹಿಸಿಕೊಳ್ಳಬೇಕು. ನೆಗೆಟಿವ್ ಎಂದರೆ ಗಾಜಲ್ಲ, ಫಿಲ್ಮೂ ಅಲ್ಲ, ಬರೀ ಕಾಗದ. ಕಾಗದಕ್ಕೆ ಮೇಣ ತಿಕ್ಕಿ ಬೆಳಕು ಹಾಯುವಂತೆ ಮಾಡಿ, ಬೆಳ್ಳಿಯ ಲವಣ ಹಿಡಿಸಿ, ಕತ್ತಲಲ್ಲಿ ಒಣಗಿಸಿ ಕ್ಯಾಮೆರಾದೊಳಗೆ ಇಡಬೇಕು. ದೊಡ್ಡದು ಮಾಡುವ ಯಂತ್ರ ಆಗ ಬಳಕೆಯಲ್ಲಿ ಇರಲಿಲ್ಲವಾಗಿ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ನೆಗೆಟಿವ್ ಬೇಕು. ಗ್ರೀನ್‌ಲಾನ ಕಾಗದದ ಅಳತೆ ಸುಮಾರು 16 ಅಂಗುಲಕ್ಕೆ 18 ಅಂಗುಲ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮರದ ಕ್ಯಾಮೆರಾ ಎಷ್ಟು ದೊಡ್ಡದಿರಬೇಕು! ಬಂಡೆಗಳ ನಡುವೆ ಅದನ್ನು ಹೊತ್ತು ತಂದ ಕೂಲಿಗಳ ಹೆಸರು ಎಲ್ಲಿಯೂ ಬರೆದಿಲ್ಲ. ಮುಚ್ಚಳ ತೆಗೆದು ಬಹಳ ಹೊತ್ತು ಕಾಯಬೇಕು. ಅಷ್ಟರಲ್ಲಿ ಹಾದುಹೋದ ದನ, ಮಂದಿ, ಮೋಡ ಯಾವುದೂ ಕಾಗದದ ಮೇಲೆ ನಿಲ್ಲುವುದಿಲ್ಲ. ಮರದೆಲೆಗಳು ಹೊಗೆಯಂತೆ ಮಾಸುತ್ತವೆ. ಕಲ್ಲೊಂದೇ ಖಚಿತವಾಗಿ ಉಳಿಯುತ್ತದೆ.

ಆ ಕಾಗದಗಳು ಅವನ ಜೊತೆಗೇ ಮರೆತುಹೋದವು. 1980ರ ಹೊತ್ತಿಗೆ ಇಂಗ್ಲೆಂಡಿನ ಒಂದು ಮನೆಯಲ್ಲಿ ಸಿಕ್ಕವು. ಈಗ ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿವೆ. ಅವು ಸಿಕ್ಕ ಹೊತ್ತಿನಲ್ಲಿ ಹಂಪಿಯಲ್ಲಿ ಜಾರ್ಜ್ ಮಿಶೆಲ್ ಮತ್ತು ಜಾನ್ ಫ್ರಿಟ್ಜ್ ಅವರ ತಂಡ ವಿಜಯನಗರದ ಸರ್ವೆ ಮಾಡುತ್ತಿತ್ತು. ಅವರ ಜೊತೆಗಿದ್ದ ಆಸ್ಟ್ರೇಲಿಯದ ಫೋಟೋಗ್ರಾಫರ್ ಜಾನ್ ಗೊಲಿಂಗ್ಸ್ 1983ರಲ್ಲಿ, ಗ್ರೀನ್‌ಲಾ ಕ್ಯಾಮೆರಾ ಹೂಡಿದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಚಿತ್ರಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ 127 ವರ್ಷಗಳಲ್ಲಿ ಏನು ಬಿತ್ತು, ಏನು ನಿಂತಿತು ಎಂಬುದು ಕಣ್ಣಿಗೇ ಹೊಳೆಯುತ್ತದೆ.

ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನೇ ನೋಡಿ. 2017ರಿಂದ ಐವತ್ತು ರೂಪಾಯಿಯ ನೀಲಿ ನೋಟಿನ ಹಿಂಬದಿಯಲ್ಲಿ ಇರುವ ಅದನ್ನು ನೋಡದ ಕನ್ನಡಿಗರಿಲ್ಲ. ನೋಟಿನಲ್ಲಿ ಅದರ ತಲೆ ಚಪ್ಪಟೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಆಮೇಲೆ ಅದು ಹೋಯಿತು. ರಥ ಎಂದರೆ ಇಷ್ಟೇ ಎಂದು ನಾವು ಇಂದು ತಿಳಿದುಕೊಂಡದ್ದು ಅರ್ಧ ರಥ. ಅದು ಗೊತ್ತಾದದ್ದು ಹೊರದೇಶದಿಂದ ಬಂದ ಒಬ್ಬ ಹವ್ಯಾಸಿ, ಹೆಸರಾಂತ ಕಟ್ಟಡದ ಮುಂದೆ ನಿಂತು ಫೋಟೋ ಹೊಡೆದದ್ದರಿಂದ.

ಹಾನಗಲ್ಲಿಗೂ ಇಂಥ ಒಂದು ದಾಖಲೆ ಇದೆ. ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಬರೆದ ಪುಸ್ತಕ 1926ರಲ್ಲಿ ಹೊರಬಂತು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರ ಕೋಟೆಯೊಳಗಿನ ಅರವತ್ತು ಕಂಬದ ಗುಡಿ, ಹಾವೇರಿಯ ಸಿದ್ಧೇಶ್ವರ, ಹಿರೇಕೆರೂರು ಕಡೆಯ ರಟ್ಟೀಹಳ್ಳಿ, ಗಳಗನಾಥ, ಚೌಡದಾನಪುರ ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ. ಇಂದಿಗೂ ಈ ಗುಡಿಗಳ ಮೇಲೆ ಬರೆಯುವವರು ಆ ಪುಟಗಳನ್ನು ತಿರುವದೆ ಮುಂದೆ ಹೋಗುವುದಿಲ್ಲ.

ಹಾಗೆಂದು ಕ್ಯಾಮೆರಾ ಇಲ್ಲದೆ ಹೊರದೇಶಕ್ಕೆ ಹೋದವರು ಬರಿಗೈಯಲ್ಲಿ ಬಂದರೆಂದಲ್ಲ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹಡಗಿನಲ್ಲಿ ಹೋದರು. ಆ ಪ್ರಯಾಣದಿಂದ ಕನ್ನಡಕ್ಕೆ ಸಿಕ್ಕದ್ದು 'ಸಮುದ್ರ ಗೀತೆಗಳು' ಮತ್ತು 'ಸಮುದ್ರದಾಚೆಯಿಂದ'. ಎಲ್ಲರಿಗೂ ಆ ಭಾಗ್ಯ ಇಲ್ಲ. ನಮಗೆ ಫೋನೇ ಗತಿ.

ಸವಣೂರಿನ ಮಾತು ಬಂದದ್ದರಿಂದ ಅಲ್ಲಿಯ ಇನ್ನೊಂದು ಸಂಗತಿ. ಊರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಮೂರು ಭಾರಿ ಮರಗಳಿವೆ. ಹುಣಸೆ ಎಂದು ಕರೆದರೂ ಅವು ಹುಣಸೆಯಲ್ಲ, ಆಫ್ರಿಕಾದ ಬಾವೊಬಾಬ್. ಮಡಗಾಸ್ಕರಿನಲ್ಲಿ ಇವುಗಳ ಬಳಗದ ಮರಗಳು ಸಾಲಾಗಿ ನಿಂತ ರಸ್ತೆಯ ಫೋಟೋ ತೆಗೆಯಲು ಲೋಕದ ಪ್ರವಾಸಿಗಳು ವಿಮಾನ ಹತ್ತುತ್ತಾರೆ. ಹಾವೇರಿ ಜಿಲ್ಲೆಯವರು ಸವಣೂರಿನ ಬಸ್ ಹತ್ತಿದರೆ ಸಾಕು. ಅಲ್ಲಿಗೆ ಹೋದವರು ಮಾಡುವುದು ಒಂದೇ ಕೆಲಸ: ಹಲವು ಜನ ಕೈ ಕೈ ಹಿಡಿದು ಕಾಂಡವನ್ನು ಸುತ್ತುವುದು, ಒಬ್ಬರು ಫೋಟೋ ಹೊಡೆಯುವುದು. ನಗೆಯಾಡುವಂಥದ್ದೇನೂ ಇದರಲ್ಲಿಲ್ಲ. ಅಳತೆಪಟ್ಟಿ ಇಲ್ಲದೆ ಸುತ್ತಳತೆ ತಿಳಿಸುವ ಸರಿಯಾದ ವಿಧಾನ ಅದು. ಇಸ್ಮಾಯಿಲ್‌ನನ್ನು ನಿಲ್ಲಿಸಿದ ದು ಕಾಂಪ್‌ನಿಗೂ ಬೇಕಾದದ್ದು ಅದೇ. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಮರ ಬುಡಸಮೇತ ಉರುಳಿತು. ಅದನ್ನು ಎತ್ತಿ ಮತ್ತೆ ನೆಡುವ ಕೆಲಸ ನಡೆಯಿತು. ಬೀಳುವ ಮೊದಲು ಅದು ಹೇಗೆ ನಿಂತಿತ್ತು, ಯಾವ ಕೊಂಬೆ ಎತ್ತ ಚಾಚಿತ್ತು ಎಂದು ತಿಳಿಯಬೇಕಾದರೆ ಈಗ ಊರಿನವರ ಫೋನುಗಳಲ್ಲಿ ಹುಡುಕಬೇಕು. ಮದುವೆಗೆ ಬಂದ ಬೀಗರನ್ನು ಮರ ತೋರಿಸಲು ಕರೆದೊಯ್ದಾಗ ತೆಗೆದ ಗುಂಪು ಚಿತ್ರವೂ ಅಲ್ಲಿ ದಾಖಲೆಯೇ.

ಪ್ರವಾಸಿಗಳ ಸಾಮಾನ್ಯ ಚಿತ್ರ ಹೀಗೆ ಕೆಲಸಕ್ಕೆ ಬಂದ ದೊಡ್ಡ ಉದಾಹರಣೆ ಅಫ್ಘಾನಿಸ್ತಾನದ್ದು. 2001ರ ಮಾರ್ಚಿನಲ್ಲಿ ತಾಲಿಬಾನಿಗಳು ಬಾಮಿಯಾನಿನ ಎರಡು ಬೃಹತ್ ಬುದ್ಧ ಮೂರ್ತಿಗಳನ್ನು ಸಿಡಿಸಿ ಕೆಡವಿದರು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಆರ್ಮಿನ್ ಗ್ರುಯೆನ್ ಮತ್ತು ಸಂಗಡಿಗರು ದೊಡ್ಡ ಬುದ್ಧನನ್ನು ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಮತ್ತೆ ನಿಲ್ಲಿಸಿದರು. ಮುಖ್ಯ ಆಧಾರ 1970ರಲ್ಲಿ ಅಳತೆಗೆಂದೇ ತೆಗೆದಿದ್ದ ಚಿತ್ರಗಳು. ಅವುಗಳ ಜೊತೆಗೆ ಅಂತರ್ಜಾಲದಲ್ಲಿ ಸಿಕ್ಕ ಚಿತ್ರಗಳನ್ನೂ, ಪ್ರವಾಸಿಯೊಬ್ಬರು ತೆಗೆದಿದ್ದ ಚಿತ್ರಗಳನ್ನೂ ಅವರು ಪರೀಕ್ಷಿಸಿ ಮಾದರಿ ಕಟ್ಟಿದರು. 2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇನ್ನೂ ದೊಡ್ಡ ಸಾಹಸ ಮಾಡಿದರು. ರೋಮ್ ನಗರದ ಹೆಸರಿನಲ್ಲಿ ಜನ ಅಂತರ್ಜಾಲಕ್ಕೆ ಹಾಕಿದ್ದ ಒಂದೂವರೆ ಲಕ್ಷ ಫೋಟೋಗಳನ್ನು ಸುಮಾರು 500 ಕಂಪ್ಯೂಟರ್ ಕೋರುಗಳಿಗೆ ಉಣಿಸಿ, ಒಂದು ದಿನದೊಳಗೆ ಕೊಲೊಸಿಯಂ ಮೊದಲಾದ ಕಟ್ಟಡಗಳ ಮೂರು ಆಯಾಮದ ರೂಪ ಪಡೆದರು. ಇದರಲ್ಲಿ ಒಂದು ತಮಾಷೆ ಇದೆ. ಎಲ್ಲರೂ ಒಂದೇ ಜಾಗದಿಂದ ತೆಗೆದ ಚಿತ್ರಗಳಿಂದ ಇಂಥ ಲೆಕ್ಕ ಸಾಗುವುದಿಲ್ಲ. ಒಂದೇ ಕಲ್ಲು ಬೇರೆ ಬೇರೆ ಕೋನದಿಂದ ಕಂಡರೆ ಮಾತ್ರ ಅದರ ಜಾಗ ಗೊತ್ತುಮಾಡಬಹುದು. ದಾರಿ ತಪ್ಪಿ ಗೋಡೆಯ ಹಿಂಬದಿಗೆ ಹೋದವನ ವಕ್ರ ಚಿತ್ರಕ್ಕೆ ಅಲ್ಲಿ ಬೆಲೆ ಹೆಚ್ಚು.

ಇಷ್ಟು ಹೇಳಿದರೂ ಹಿರಿಯರ ಆಕ್ಷೇಪ ಉಳಿಯುತ್ತದೆ: "ಫೋಟೋ ತಗೀಯೂದ್ರಾಗ ನೋಡೂದು ಮರೀತಾರ." ಇದನ್ನು ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಫೇರ್‌ಫೀಲ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಿಂಡಾ ಹೆಂಕೆಲ್. ವಿದ್ಯಾರ್ಥಿಗಳನ್ನು ವಸ್ತುಸಂಗ್ರಹಾಲಯದಲ್ಲಿ ಸುತ್ತಾಡಿಸಿ, ಕೆಲವು ವಸ್ತುಗಳ ಫೋಟೋ ತೆಗೆಯಲು, ಕೆಲವನ್ನು ಬರೀ ನೋಡಲು ಹೇಳಿದರು. ಮರುದಿನ ಕೇಳಿದಾಗ ಫೋಟೋ ತೆಗೆದ ವಸ್ತುಗಳ ವಿವರ ಅವರಿಗೆ ಕಡಿಮೆ ನೆನಪಿತ್ತು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಮೊದಲ ಅರ್ಧವನ್ನಷ್ಟೇ ಪತ್ರಿಕೆಗಳು ಎತ್ತಿ ಹಿಡಿದವು. ಉಳಿದರ್ಧ ಹೀಗಿದೆ: ವಸ್ತುವಿನ ಒಂದು ಭಾಗಕ್ಕೆ ಜೂಮ್ ಮಾಡಿ ತೆಗೆದವರಲ್ಲಿ ನೆನಪು ಕುಂದಲಿಲ್ಲ, ಜೂಮ್ ಮಾಡದ ಭಾಗವೂ ನೆನಪಿತ್ತು. 2017ರಲ್ಲಿ ಬೇರೆ ಸಂಶೋಧಕರು ಕಂಡದ್ದು ಇನ್ನೊಂದು ಬಗೆ. ತಮಗೆ ಬೇಕಾದದ್ದನ್ನು ತಾವೇ ಆರಿಸಿ ಫೋಟೋ ತೆಗೆದವರಿಗೆ ಕಂಡದ್ದು ಚೆನ್ನಾಗಿ ನೆನಪುಳಿಯಿತು, ಗೈಡ್ ಹೇಳಿದ್ದು ಮಾತ್ರ ಕಿವಿಯಲ್ಲಿ ನಿಲ್ಲಲಿಲ್ಲ. ಹಿರಿಯರ ಆಕ್ಷೇಪ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕ್ಯಾಮೆರಾ ಎತ್ತುವ ಮೊದಲು ಏನನ್ನು ತೆಗೆಯಬೇಕೆಂದು ಆರಿಸಿಕೊಂಡವರು ನೋಡಿಯೇ ಇರುತ್ತಾರೆ.

ಇನ್ನು ಕಾನೂನು. ಇಲ್ಲಿ ನಮ್ಮವರಿಗೆ ಗೊಂದಲ ಹೆಚ್ಚು, ಭಯ ಅದಕ್ಕಿಂತ ಹೆಚ್ಚು. ಐಫೆಲ್ ಗೋಪುರವನ್ನು ರಾತ್ರಿ ಫೋಟೋ ತೆಗೆದರೆ ದಂಡ ಹಾಕುತ್ತಾರೆ ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಲೇ ಇರುತ್ತದೆ. ನಿಜ ಸಂಗತಿ ಇಷ್ಟು: ಗೋಪುರ ಕಟ್ಟಿದ್ದು 1889ರಲ್ಲಿ, ಗುಸ್ತಾವ್ ಐಫೆಲ್ ತೀರಿಕೊಂಡದ್ದು 1923ರಲ್ಲಿ. ಅದರ ವಿನ್ಯಾಸದ ಮೇಲೆ ಯಾರ ಕೃತಿಸ್ವಾಮ್ಯವೂ ಉಳಿದಿಲ್ಲ. ಹಗಲಿನ ಚಿತ್ರವನ್ನು ಹೇಗೆ ಬೇಕಾದರೂ ಬಳಸಬಹುದು. ರಾತ್ರಿಯ ದೀಪಾಲಂಕಾರ ಬೇರೆ ಕೃತಿ. ಹೊಂಬಣ್ಣದ ದೀಪ ಪಿಯೆರ್ ಬಿದೊ ರೂಪಿಸಿದ್ದು, 1985ರ ಕೊನೆಯ ರಾತ್ರಿ ಬೆಳಗಿದ್ದು. ಕತ್ತಲಾದ ಮೇಲೆ ಪ್ರತಿ ಗಂಟೆಗೆ ಐದು ನಿಮಿಷ ಮಿನುಗುವ 20,000 ಬಲ್ಬುಗಳು ಆಮೇಲೆ ಬಂದವು. ಈ ಬೆಳಕಿನ ಚಿತ್ರವನ್ನು ವ್ಯಾಪಾರಕ್ಕೆ ಬಳಸಿದರೆ ಗೋಪುರದ ಸಂಸ್ಥೆಯ ಅನುಮತಿ ಬೇಕು. ತಮ್ಮ ಖುಷಿಗೆ ತೆಗೆದು ಮನೆಗೆ ಕಳಿಸುವವರ ತಂಟೆಗೆ ಯಾರೂ ಬರುವುದಿಲ್ಲ. ಟ್ರಾವೆಲ್ಸ್ ನಡೆಸುವವರು ಅದೇ ಚಿತ್ರವನ್ನು ಬ್ಯಾನರಿಗೆ ಹಾಕಿದರೆ ಮಾತ್ರ ಪ್ರಶ್ನೆ ಏಳುತ್ತದೆ.

ನಮ್ಮ ದೇಶ ಈ ವಿಷಯದಲ್ಲಿ ಫ್ರಾನ್ಸಿಗಿಂತ ಉದಾರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ ಕಟ್ಟಡಗಳ ಚಿತ್ರ, ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪಗಳ ಚಿತ್ರ ತೆಗೆಯುವುದು, ಪ್ರಕಟಿಸುವುದು ಉಲ್ಲಂಘನೆಯಲ್ಲ. ಭಾನುವಾರದ ಮೈಸೂರು ಅರಮನೆಯ ದೀಪದ ಮುಂದೆ ನಿಂತವರಿಗೆ ಪ್ಯಾರಿಸ್ಸಿನವರ ತಲೆನೋವು ಇಲ್ಲ. ತಾಜ್ ಮಹಲಿನ ಸಮಾಧಿಯ ಒಳಗೆ ಮಾತ್ರ ಕ್ಯಾಮೆರಾ ನಿಷಿದ್ಧ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಅನುಮತಿ ಬೇಕು. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ ಫೋಟೋ ತೆಗೆಯಲು ಬಿಡುವುದಿಲ್ಲ. ಅದರ ಹಿಂದೆ ಒಂದು ವ್ಯವಹಾರದ ಕಥೆಯೂ ಇದೆ. ಮೈಕೆಲೆಂಜೆಲೊನ ಚಿತ್ರಗಳನ್ನು ತೊಳೆದು ಸರಿಪಡಿಸುವ ಖರ್ಚನ್ನು ಜಪಾನಿನ ನಿಪ್ಪಾನ್ ಟೆಲಿವಿಷನ್ ಹೊತ್ತು, ಬದಲಿಗೆ ಚಿತ್ರೀಕರಣದ ಹಕ್ಕನ್ನು ಕೆಲವು ವರ್ಷ ತನ್ನದಾಗಿಸಿಕೊಂಡಿತ್ತು. ಆ ಹಕ್ಕು ಮುಗಿದು ಬಹಳ ಕಾಲವಾಯಿತು, ನಿಷೇಧ ಮುಗಿದಿಲ್ಲ.

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು ಒಂದು ಮಾತು ಗಟ್ಟಿಯಾಗಿ ನೆನಪಿಡಬೇಕು. ಯುಎಇಯಲ್ಲಿ ಅನುಮತಿ ಇಲ್ಲದೆ ಬೇರೆಯವರ ಚಿತ್ರ ತೆಗೆಯುವುದು ಅಪರಾಧ. ಬುರ್ಜ್ ಖಲೀಫಾದ ಮುಂದೆ ನಿಮ್ಮ ಜೊತೆ ಯಾವುದೋ ಕುಟುಂಬದ ಹೆಂಗಸರು ಸಿಕ್ಕಿಬಿದ್ದಿದ್ದರೆ ಆ ಚಿತ್ರವನ್ನು ಸ್ಟೇಟಸ್‌ಗೆ ಹಾಕದಿರುವುದು ಜಾಣತನ. ಸರ್ಕಾರಿ ಕಟ್ಟಡ, ಸೈನ್ಯದ ಜಾಗಗಳತ್ತ ಫೋನ್ ಎತ್ತಲೇಬಾರದು. ಈಜಿಪ್ಟಿಗೆ ಡ್ರೋನ್ ಒಯ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.

ಕಾನೂನಿಗಿಂತ ಬಿಗಿಯಾದದ್ದು ಊರಿನವರ ಸಹನೆ. ಆಸ್ಟ್ರಿಯಾದ ಹಾಲ್‌ಸ್ಟಾಟ್ ಎಂಬ ಪುಟ್ಟ ಹಳ್ಳಿ, ಸರೋವರದ ದಂಡೆಯ ಚೆಲುವಿಗಾಗಿ ಬರುವ ಸೆಲ್ಫಿ ಜನರಿಂದ ಬೇಸತ್ತು 2023ರಲ್ಲಿ ಫೋಟೋ ಜಾಗಕ್ಕೆ ಅಡ್ಡಲಾಗಿ ಹಲಗೆಯ ಬೇಲಿ ಹಾಕಿತು; ಟೀಕೆ ಬಂದಾಗ ತೆಗೆಯಿತು. ಜಪಾನಿನ ಫುಜಿಕವಾಗುಚಿಕೊ ಪಟ್ಟಣದಲ್ಲಿ ಒಂದು ಕಿರಾಣಿ ಅಂಗಡಿಯ ಹಿಂದೆ ಫುಜಿ ಪರ್ವತ ಕಾಣುತ್ತದೆ. ಆ ಚಿತ್ರಕ್ಕಾಗಿ ಜನ ರಸ್ತೆಯ ನಡುವೆ ನಿಲ್ಲುತ್ತಿದ್ದರು, ಕಸ ಎಸೆಯುತ್ತಿದ್ದರು, ಎದುರಿನ ದಂತವೈದ್ಯರ ಜಾಗಕ್ಕೆ ನುಗ್ಗುತ್ತಿದ್ದರು. 2024ರ ಮೇ ತಿಂಗಳಲ್ಲಿ ಪಟ್ಟಣದವರು ಎರಡೂವರೆ ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದದ ಕರಿ ಪರದೆ ಕಟ್ಟಿ ಪರ್ವತವನ್ನೇ ಮುಚ್ಚಿದರು. ಆಗಸ್ಟಿನಲ್ಲಿ ಅದನ್ನು ಇಳಿಸಿದರು. ಪರ್ವತಕ್ಕೆ ಪರದೆ ಕಟ್ಟುವ ಸ್ಥಿತಿ ತಂದವರು ದುಷ್ಟರೇನಲ್ಲ, ಬರೀ ಪ್ರವಾಸಿಗಳು. ನಮ್ಮ ಮನೆಯ ಕಟ್ಟೆಯ ಮೇಲೆ ಅಪರಿಚಿತರು ಹತ್ತಿ ನಿಂತು ಎದುರುಮನೆಯ ಚಿತ್ರ ತೆಗೆದರೆ ಹಿರೇಬೆಂಡಿಗೇರಿಯಲ್ಲಿ ಏನು ಮಾತು ಕೇಳಬೇಕಾದೀತು ಎಂದು ಯೋಚಿಸಿದರೆ ಸಾಕು.

ಹಾಗಾದರೆ ಹೆಸರಾಂತ ಕಟ್ಟಡದ ಮುಂದೆ ಏನು ತೆಗೆಯಬೇಕು? ಪೋಸ್ಟ್‌ಕಾರ್ಡಿನ ಚಿತ್ರ ಒಂದಿರಲಿ, ಅದಕ್ಕೇನೂ ದೋಷವಿಲ್ಲ. ಆಮೇಲೆ ಬೆನ್ನು ತಿರುಗಿಸಿ ನೋಡಬೇಕು. ಟಿಕೆಟ್ಟಿನ ಸಾಲು, ಕೀ ಚೈನ್ ಮಾರುವವರು, ಕಂಬಿಯ ಮೇಲೆ ತುಕ್ಕು, ದರದ ಫಲಕ, ಜೊತೆಗೆ ಬಂದವರು ಬುತ್ತಿ ಬಿಚ್ಚಿದ ಬೆಂಚು. ಕಟ್ಟಡವನ್ನು ಯಾರಾದರೂ ತೆಗೆದೇ ತೆಗೆಯುತ್ತಾರೆ. ಇವನ್ನು ತೆಗೆಯುವವರು ಕಡಿಮೆ, ಬೇಗ ಬದಲಾಗುವವೂ ಇವೇ. ಲಂಡನ್ನಿಗೆ ಹೋದವರು ಥೇಮ್ಸ್ ನದಿಯ ಆಚೆ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬಂದರೆ ಒಳ್ಳೆಯ ಜಾಗವೊಂದಿದೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಬಂದ ಬಸವೇಶ್ವರರ ಪ್ರತಿಮೆ ಅಲ್ಲಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ನದಿಯಾಚೆ ಬ್ರಿಟಿಷ್ ಸಂಸತ್ತು. ಬಿಗ್ ಬೆನ್ ಬುಡದಲ್ಲಿ ಕತ್ತು ಎತ್ತಿ ಒದ್ದಾಡುವ ಬದಲು ಈ ದಡದಿಂದ ನೋಡಿದರೆ ಮೊದಲು ಹೇಳಿದ ದೂರದ ಲೆಕ್ಕ ತಾನಾಗಿ ಸರಿಹೋಗುತ್ತದೆ. ಬ್ರಿಟನ್ನಿನ 1988ರ ಕಾನೂನಿನಲ್ಲಿ ಸಾರ್ವಜನಿಕ ಶಿಲ್ಪದ ಚಿತ್ರಕ್ಕೆ ಅಡ್ಡಿಯೂ ಇಲ್ಲ.

ಅಭ್ಯಾಸಕ್ಕೆ ಪ್ಯಾರಿಸ್ಸಿನವರೆಗೆ ಹೋಗಬೇಕಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಮಂಟಪದಲ್ಲಿ ಬಳೆ ಬಳೆಯಾಗಿ ಮೇಲೇರುವ ಕಲ್ಲಿನ ಛಾವಣಿ ಇದೆ, ನಡುವೆ ಕೆಳಗಿಳಿದ ತಾವರೆ. ಅದನ್ನು ತೆಗೆಯುವವರೆಲ್ಲ ಕತ್ತು ನೋಯಿಸಿಕೊಂಡು ವಾರೆ ಚಿತ್ರ ತೆಗೆಯುತ್ತಾರೆ. ಫೋನನ್ನು ತಾವರೆಯ ನೇರ ಕೆಳಗೆ ನೆಲದ ಮೇಲೆ ಅಂಗಾತ ಇಟ್ಟು, ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ಹತ್ತು ಸೆಕೆಂಡಿನ ಟೈಮರ್ ಒತ್ತಿ ಬದಿಗೆ ಸರಿದುಬಿಡಿ. ಫ್ಲಾಶ್ ಬೇಡ, ಫೋನ್ ಅಲುಗಾಡದಿದ್ದರೆ ಮಂದ ಬೆಳಕೇ ಸಾಕು. ಬಳೆಗಳು ಒಂದರೊಳಗೊಂದು ಸರಿಯಾಗಿ ಕೂತ ಚಿತ್ರ ಬರುತ್ತದೆ. ಇದೇ ಉಪಾಯ ರೋಮಿನ ಪ್ಯಾಂಥಿಯನ್ನಿನ ಗುಮ್ಮಟದ ಕೆಳಗೂ ನಡೆಯುತ್ತದೆ.

ತೆಗೆದ ಚಿತ್ರಕ್ಕೆ ಊರು, ತಾರೀಖು, ಜೊತೆಗಿದ್ದವರ ಹೆಸರು ಬರೆದಿಡಿ. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಒಳಗೆ ಅಡಗಿದ ಜಾಗ, ಸಮಯದ ಮಾಹಿತಿಯೂ ಕಳಚಿಹೋಗುತ್ತದೆ. ಮೂಲ ಪ್ರತಿಯನ್ನು ಬೇರೆ ಕಡೆ ಉಳಿಸಿಕೊಳ್ಳಿ. ಹಾನಗಲ್ಲ, ಬಂಕಾಪುರ, ರಟ್ಟೀಹಳ್ಳಿಯ ಗುಡಿಗಳ ಒಳ್ಳೆಯ ಚಿತ್ರ ನಿಮ್ಮಲ್ಲಿ ಇದ್ದರೆ ವಿಕಿಮೀಡಿಯಾ ಕಾಮನ್ಸ್‌ಗೆ ಸೇರಿಸಿ. ಲೋಕದ ಸ್ಮಾರಕಗಳ ಚಿತ್ರ ಕೂಡಿಸುವ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಸ್ಪರ್ಧೆ 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾಗಿ ಈಗ ಅನೇಕ ದೇಶಗಳಲ್ಲಿ ಸೆಪ್ಟೆಂಬರ್ ತಿಂಗಳ ಸುಮಾರಿಗೆ ನಡೆಯುತ್ತದೆ. ಫೋನಿನಿಂದಲೇ ಚಿತ್ರ ಸೇರಿಸಬಹುದು, ಶುಲ್ಕವಿಲ್ಲ.